ಓಟಿನ ವರ್ಷ, ಸರ್ಕಾರದ ಲೆಕ್ಕ



ಮನೆ ನಡೆಸುವುದು ಯಾರು? ನಾವೇ. ಸಂತೆಗೆ ಹೊರಡುವ ಮೊದಲು ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುವುದು ಯಾರು? ನಾವೇ. ಇಷ್ಟು ಅಕ್ಕಿಗೆ, ಇಷ್ಟು ಎಣ್ಣೆಗೆ, ಇಷ್ಟು ಮಗಳ ಪುಸ್ತಕಕ್ಕೆ, ಇಷ್ಟು ಸಂಘದ ಕಂತಿಗೆ. ಬಾಯಲ್ಲೇ ಲೆಕ್ಕ ಹಾಕುತ್ತೇವೆ. ಸಾಲದೆ ಬಂದರೆ ಯಾವುದನ್ನು ಬಿಡಬೇಕು ಅನ್ನುವುದೂ ನಮಗೆ ಗೊತ್ತು.

ಹಾಗಾದರೆ ಸರ್ಕಾರದ ಲೆಕ್ಕವೂ ನಮಗೆ ತಿಳಿಯುತ್ತದೆ. ಅದು ದೊಡ್ಡ ಲೆಕ್ಕ, ಅಷ್ಟೇ.

ಒಂದು ಸಂಜೆ ನಾವು ಕಲಿಕಾ ಕೇಂದ್ರದಲ್ಲಿ ಪೇಪರು ಓದುತ್ತಿದ್ದೆವು. ಬಜೆಟ್ ಸುದ್ದಿ ಬಂದಿತ್ತು. ಒಬ್ಬ ಅಕ್ಕ ಕೇಳಿದರು:

"ಓಟಿಗೆ ಮುಂಚೆ ಎಲ್ಲಾ ಕೊಡ್ತೀವಿ ಅಂತಾರೆ. ಓಟು ಮುಗಿದ ಮೇಲೆ ದುಡ್ಡಿಲ್ಲ ಅಂತಾರೆ. ದುಡ್ಡು ಐತೋ ಇಲ್ಲವೋ? ಯಾವುದು ನಿಜ?"

ಒಳ್ಳೆಯ ಪ್ರಶ್ನೆ. ಬನ್ನಿ, ಉತ್ತರ ಹುಡುಕೋಣ.

ಬಜೆಟ್ ಅಂದರೇನು?

ಮುಂದಿನ ಒಂದು ವರ್ಷ ಎಷ್ಟು ದುಡ್ಡು ಬರಬಹುದು, ಎಷ್ಟು ಖರ್ಚು ಆಗಬಹುದು ಎಂದು ಮೊದಲೇ ಬರೆದಿಡುವ ಲೆಕ್ಕವೇ ಬಜೆಟ್. ಕನ್ನಡದಲ್ಲಿ ಆಯವ್ಯಯ ಅನ್ನುತ್ತಾರೆ. ಆಯ ಎಂದರೆ ಬರುವುದು. ವ್ಯಯ ಎಂದರೆ ಹೋಗುವುದು.

ಸರ್ಕಾರದ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಮಾರ್ಚ್ 31ಕ್ಕೆ ಮುಗಿಯುತ್ತದೆ. ಪ್ರತಿ ವರ್ಷ ಈ ಲೆಕ್ಕವನ್ನು ವಿಧಾನಸಭೆಯ ಮುಂದೆ ಇಡಲೇಬೇಕು. ಇದು ನಮ್ಮ ಸಂವಿಧಾನದ ಮಾತು. ನಾವು ಓಟು ಹಾಕಿ ಕಳಿಸಿದ ಶಾಸಕರು ಒಪ್ಪಿಗೆ ಕೊಡದೆ ಸರ್ಕಾರ ಬೊಕ್ಕಸದಿಂದ ಒಂದು ರೂಪಾಯಿಯನ್ನೂ ತೆಗೆಯುವ ಹಾಗಿಲ್ಲ.

ನಮ್ಮ ಕರ್ನಾಟಕದ 2025-26ರ ಬಜೆಟ್ ಎಷ್ಟು ಗೊತ್ತೇ? 4,09,549 ಕೋಟಿ ರೂಪಾಯಿ. ಒಂದು ಕೋಟಿ ಎಂದರೆ ನೂರು ಲಕ್ಷ. ಇಷ್ಟು ದೊಡ್ಡ ಅಂಕಿ ಕಂಡರೆ ತಲೆ ತಿರುಗುತ್ತದೆ. ಭಯ ಬೇಡ. ಅದನ್ನು ಒಂದು ರೂಪಾಯಿ ಎಂದುಕೊಂಡು ಪೈಸೆ ಲೆಕ್ಕದಲ್ಲಿ ನೋಡೋಣ.

ದುಡ್ಡು ಎಲ್ಲಿಂದ ಬರುತ್ತೆ?

ಸರ್ಕಾರ ಹೊಲ ಉಳುವುದಿಲ್ಲ, ಕೂಲಿಗೆ ಹೋಗುವುದಿಲ್ಲ. ಅದರ ದುಡ್ಡು ಮುಖ್ಯವಾಗಿ ನಮ್ಮಿಂದಲೇ ಬರುತ್ತದೆ.

"ನಾವು ಬಡವರು, ನಾವೆಲ್ಲಿ ತೆರಿಗೆ ಕಟ್ಟುತ್ತೇವೆ?" ಎಂದು ಎಷ್ಟೋ ಅಕ್ಕಂದಿರು ಕೇಳುತ್ತಾರೆ. ಕಟ್ಟುತ್ತೇವೆ. ಹಲ್ಲುಜ್ಜುವ ಪೇಸ್ಟು, ಬಟ್ಟೆ, ಚಪ್ಪಲಿ ಕೊಂಡಾಗ ಅದರ ಬೆಲೆಯೊಳಗೆ ಜಿಎಸ್‌ಟಿ ತೆರಿಗೆ ಇರುತ್ತದೆ. ಅದರಲ್ಲಿ ಕೇಂದ್ರಕ್ಕೆ ಒಂದು ಪಾಲು, ರಾಜ್ಯಕ್ಕೆ ಒಂದು ಪಾಲು. ಕೇಂದ್ರ ಸರ್ಕಾರ ವಸೂಲು ಮಾಡುವ ಬೇರೆ ತೆರಿಗೆಗಳಲ್ಲೂ ರಾಜ್ಯಕ್ಕೆ ಪಾಲು ಬರುತ್ತದೆ.

ಜಿಎಸ್‌ಟಿ 2017ರ ಜುಲೈ 1ರಿಂದ ಬಂತು. ಆಮೇಲೆ ರಾಜ್ಯ ಸರ್ಕಾರ ತಾನೇ ಏರಿಸುವ, ಇಳಿಸುವ ತೆರಿಗೆಗಳು ಕೆಲವೇ ಉಳಿದವು. ಮುಖ್ಯವಾದವು ನಾಲ್ಕು: ಮದ್ಯದ ಮೇಲಿನ ಅಬಕಾರಿ ಸುಂಕ, ಪೆಟ್ರೋಲು ಡೀಸೆಲ್ ಮೇಲಿನ ತೆರಿಗೆ, ಜಮೀನು ಮನೆ ನೋಂದಣಿಯ ಶುಲ್ಕ, ವಾಹನ ತೆರಿಗೆ. ದುಡ್ಡು ಸಾಲದೆ ಬಂದಾಗ ರಾಜ್ಯ ಸರ್ಕಾರದ ಕೈ ಮೊದಲು ಹೋಗುವುದು ಈ ನಾಲ್ಕರ ಕಡೆಗೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇಷ್ಟೂ ಸೇರಿ ಸಾಲದಿದ್ದರೆ? ಆಗ ಸಾಲ. 2025-26ರ ಬಜೆಟ್‌ನಲ್ಲಿ 1,16,000 ಕೋಟಿ ರೂಪಾಯಿ ಸಾಲ ಎತ್ತುವುದಾಗಿ ಬರೆದಿದ್ದರು. ಅಂದರೆ ಬಜೆಟ್ಟಿನ ಒಂದೊಂದು ರೂಪಾಯಿಯಲ್ಲಿ ಸುಮಾರು 28 ಪೈಸೆ ಸಾಲದ್ದು. ಅದರಲ್ಲಿ ಒಂದು ಭಾಗ ಹಳೇ ಸಾಲದ ಅಸಲು ತೀರಿಸಲು ಹೋಗುತ್ತದೆ. ಸಂಘದ ಸಾಲ ತೀರಿಸಲು ಇನ್ನೊಂದು ಕಡೆ ಸಾಲ ಮಾಡಿದ ಹಾಗೆ.

ರಾಜ್ಯ ಸರ್ಕಾರ ನೋಟು ಮುದ್ರಿಸುವ ಹಾಗಿಲ್ಲ. ಹಾಗಾಗಿ ಮಾಡಿದ ಸಾಲವನ್ನು ಮುಂದೆ ನಮ್ಮ ತೆರಿಗೆಯಿಂದಲೇ ತೀರಿಸಬೇಕು.

ಅಕ್ಕಿ ಸಾಲ, ಎಮ್ಮೆ ಸಾಲ

ಸಂಘದಲ್ಲಿ ಸಾಲ ಕೇಳಿದರೆ ಮೊದಲ ಪ್ರಶ್ನೆ ಏನು? "ಯಾತಕ್ಕೆ?"

ಎಮ್ಮೆ ತರಲು ಅಂದರೆ ಸಂತೋಷದಿಂದ ಕೊಡುತ್ತೇವೆ. ಎಮ್ಮೆ ಹಾಲು ಕೊಡುತ್ತದೆ. ಹಾಲು ಮಾರಿ ಸಾಲ ತೀರುತ್ತದೆ. ಎಮ್ಮೆ ಮನೆಯಲ್ಲೇ ಉಳಿಯುತ್ತದೆ. ದಿನದ ಅಕ್ಕಿ ಬೇಳೆಗೆ ಸಾಲ ಅಂದರೆ ಯೋಚಿಸುತ್ತೇವೆ. ಉಂಡರೆ ಮುಗಿಯಿತು. ಸಾಲ ಮಾತ್ರ ಉಳಿಯಿತು.

ಸರ್ಕಾರದ ಖರ್ಚಿನಲ್ಲೂ ಎರಡು ಬಗೆ ಇದೆ. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಇವೆಲ್ಲ ದಿನನಿತ್ಯದ ಖರ್ಚು. ಇದಕ್ಕೆ ರಾಜಸ್ವ ವೆಚ್ಚ ಎಂದು ಹೆಸರು. ಕೆರೆ, ಕಾಲುವೆ, ರಸ್ತೆ, ಶಾಲೆ ಕಟ್ಟಡ ಇವು ಉಳಿಯುವ ಖರ್ಚು. ಇದಕ್ಕೆ ಬಂಡವಾಳ ವೆಚ್ಚ ಎಂದು ಹೆಸರು.

ದಿನದ ಖರ್ಚು ದಿನದ ಆದಾಯವನ್ನು ಮೀರಿದರೆ ಅದನ್ನು ರಾಜಸ್ವ ಕೊರತೆ ಅನ್ನುತ್ತಾರೆ. ಅಂದರೆ ಸರ್ಕಾರ ಅಕ್ಕಿಗೂ ಸಾಲ ಮಾಡುತ್ತಿದೆ ಎಂದು ಅರ್ಥ.

ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ನರ್ಸಮ್ಮನ ಸಂಬಳ, ಶಾಲೆ ಮಕ್ಕಳ ಮೊಟ್ಟೆ, ಅಂಗನವಾಡಿ ಕಾರ್ಯಕರ್ತೆಯ ಗೌರವಧನ ಇವೆಲ್ಲವೂ 'ಅಕ್ಕಿ' ಲೆಕ್ಕಕ್ಕೇ ಸೇರುತ್ತವೆ. ಹಾಗೆಂದು ಅವು ದಂಡದ ಖರ್ಚೇ? ಅಲ್ಲ. ಆಸ್ಪತ್ರೆ ಕಟ್ಟಡ ಇದ್ದು ನರ್ಸಮ್ಮ ಇಲ್ಲದಿದ್ದರೆ ಹೆರಿಗೆ ಮಾಡಿಸುವವರು ಯಾರು? ಲೆಕ್ಕದ ಹೆಸರು ನೋಡಿ ಒಳ್ಳೆಯದು ಕೆಟ್ಟದ್ದು ಅನ್ನಬಾರದು.

ಓಟು ಬಂದಾಗ ಏನಾಗುತ್ತೆ?

ಜಾತ್ರೆ ಬಂದರೆ ಮನೆಗೆ ಸುಣ್ಣ ಬಳಿಯುತ್ತೇವೆ. ಹೊಸ ಬಟ್ಟೆ ತರುತ್ತೇವೆ. ಓಟು ಸರ್ಕಾರದ ಜಾತ್ರೆ. ಐದು ವರ್ಷಕ್ಕೊಮ್ಮೆ ಬರುತ್ತದೆ. ಆಗ ಬಜೆಟ್ಟಿಗೂ ಸುಣ್ಣ ಬಣ್ಣ ಆಗುತ್ತದೆ. ಪಕ್ಷ ಯಾವುದೇ ಇರಲಿ, ಇದು ನಡೆದು ಬಂದ ರೀತಿ.

ನಮ್ಮ ರಾಜ್ಯದ ಎರಡು ಚುನಾವಣೆಗಳನ್ನು ನೋಡೋಣ.

ಮೊದಲನೆಯದು 2018ರದ್ದು. ಮೇ 12ರಂದು ಮತದಾನ ಆಯಿತು. ಅದಕ್ಕೆ ಒಂದು ವರ್ಷ ಮೊದಲು, 2017ರ ಜೂನ್‌ನಲ್ಲಿ, ಆಗಿನ ಸರ್ಕಾರ ರೈತರ ಸಹಕಾರ ಸಂಘದ ಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಮಾಡಿತು. ಅದರ ಖರ್ಚು ಸುಮಾರು 8,165 ಕೋಟಿ ಎಂದು ಹೇಳಿತು. ಚುನಾವಣೆಯಲ್ಲಿ ಇನ್ನೂ ದೊಡ್ಡ ಸಾಲ ಮನ್ನಾದ ಭರವಸೆ ಬಂತು. ಓಟು ಮುಗಿದು ಹೊಸ ಸರ್ಕಾರ ಬಂತು. 2018ರ ಜುಲೈ 5ರಂದು ಹೊಸ ಬಜೆಟ್ ಓದಿದರು. 34,000 ಕೋಟಿ ರೂಪಾಯಿ ಸಾಲ ಮನ್ನಾ ಎಂದರು. ಅದೇ ಬಜೆಟ್‌ನಲ್ಲಿ ಪೆಟ್ರೋಲು ಲೀಟರಿಗೆ 1 ರೂಪಾಯಿ 14 ಪೈಸೆ, ಡೀಸೆಲ್ ಲೀಟರಿಗೆ 1 ರೂಪಾಯಿ 12 ಪೈಸೆ ಏರುವಂತೆ ತೆರಿಗೆ ಹಾಕಿದರು. ಮದ್ಯದ ಸುಂಕವನ್ನೂ ಏರಿಸಿದರು. ಮನ್ನಾದ ದುಡ್ಡನ್ನು ಒಂದೇ ಸಲಕ್ಕೆ ಕೊಡಲು ಆಗಲಿಲ್ಲ. ಕಂತು ಕಂತಾಗಿ ಕೊಟ್ಟರು.

ಎರಡನೆಯದು 2023ರದ್ದು. ಮೇ 10ರಂದು ಮತದಾನ. ಫೆಬ್ರವರಿ 17ರಂದು ಆಗಿನ ಸರ್ಕಾರ ಬಜೆಟ್ ಓದಿತು. ಹೊಸ ತೆರಿಗೆ ಹಾಕಲಿಲ್ಲ. ರೈತರಿಗೆ ಬಡ್ಡಿ ಇಲ್ಲದ ಸಾಲವನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ ಹೇಳಿತು. ದಿನದ ಖರ್ಚು ಕಳೆದು 402 ಕೋಟಿ ಉಳಿಯುತ್ತದೆ ಎಂದೂ ಲೆಕ್ಕ ತೋರಿಸಿತು.

ಮಾರ್ಚ್ 1ರಂದು ಸರ್ಕಾರಿ ನೌಕರರು ಮುಷ್ಕರ ಹೂಡಿದರು. ಅದೇ ದಿನ ಸರ್ಕಾರ 17 ಪರ್ಸೆಂಟು ಮಧ್ಯಂತರ ಪರಿಹಾರಕ್ಕೆ ಒಪ್ಪಿತು. ಓಟು ಹತ್ತಿರ ಇದ್ದಾಗ ಒಟ್ಟಾಗಿ ಕೇಳಿದವರಿಗೆ ಬೇಗ ಸಿಗುತ್ತದೆ. ಇದನ್ನೂ ಗಮನಿಸಿ.

ಓಟು ಮುಗಿಯಿತು. ಸರ್ಕಾರ ಬದಲಾಯಿತು. ಜುಲೈ 7ರಂದು ಅದೇ ವರ್ಷದ ಇನ್ನೊಂದು ಬಜೆಟ್ ಬಂತು. ಐದು ಗ್ಯಾರಂಟಿಗಳಿಗೆ ದುಡ್ಡು ಇಟ್ಟರು. ದೇಶೀ ತಯಾರಿಕೆಯ ಮದ್ಯದ ಮೇಲೆ ಹೆಚ್ಚುವರಿ ಅಬಕಾರಿ ಸುಂಕವನ್ನು 20 ಪರ್ಸೆಂಟು, ಬಿಯರ್ ಮೇಲೆ 10 ಪರ್ಸೆಂಟು ಏರಿಸಿದರು. ಆದರೂ ಸಾಲಲಿಲ್ಲ. ಸುಮಾರು 12,500 ಕೋಟಿ ರಾಜಸ್ವ ಕೊರತೆ ತೋರಿಸಿದರು.

ಆಮೇಲೆ 2024ರಲ್ಲಿ ಲೋಕಸಭೆ ಚುನಾವಣೆ. ಜೂನ್ 4ರಂದು ಫಲಿತಾಂಶ ಬಂತು. ಜೂನ್ 15ರಂದು ರಾಜ್ಯದಲ್ಲಿ ಪೆಟ್ರೋಲು, ಡೀಸೆಲ್ ತೆರಿಗೆ ಏರಿತು. ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು.

ಮೇಲಿನ ಮಾತನ್ನು ಮತ್ತೊಮ್ಮೆ ಓದಿ. ಏನು ಕಾಣುತ್ತದೆ? ಕೊಡುವ ಮಾತು ಓಟಿಗೆ ಮುಂಚೆ. ತೆರಿಗೆ ಏರಿಸುವ ಮಾತು ಓಟು ಆದ ಮೇಲೆ. ಏರಿದ್ದು ಯಾವುದು? ನಾವು ನೆನಪಿಟ್ಟುಕೊಂಡ ನಾಲ್ಕರಲ್ಲಿ ಎರಡು: ಮದ್ಯ ಮತ್ತು ಪೆಟ್ರೋಲು.

ಪಕ್ಕದ ಮಹಾರಾಷ್ಟ್ರದಲ್ಲೂ ಹೀಗೇ. 2024ರ ನವೆಂಬರ್‌ನಲ್ಲಿ ಅಲ್ಲಿ ವಿಧಾನಸಭೆ ಚುನಾವಣೆ. ಜೂನ್ ತಿಂಗಳ ಬಜೆಟ್‌ನಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ ಕೊಡುವ ಯೋಜನೆ ಹೇಳಿದರು. ಆಗಸ್ಟ್‌ನಲ್ಲಿ ದುಡ್ಡು ಖಾತೆಗೆ ಬಂತು. ಸೋಲಾಪುರ, ಅಕ್ಕಲಕೋಟೆ ಕಡೆಯ ಕನ್ನಡದ ಅಕ್ಕಂದಿರೂ ಅರ್ಜಿ ಕೊಡಬಹುದಿತ್ತು. ಚುನಾವಣೆ ಮುಗಿದ ಮೇಲೆ ಪಟ್ಟಿಯ ಪರಿಶೀಲನೆ ಶುರುವಾಯಿತು. ಅರ್ಹರಲ್ಲ ಎಂದು ಬಹಳ ಹೆಸರುಗಳನ್ನು ತೆಗೆದರು.

ಓಟಿನಿಂದ ಕೆಟ್ಟದ್ದೇ ಆಗುತ್ತಾ?

ಇಲ್ಲ. ಓಟು ಇಲ್ಲದಿದ್ದರೆ ನಮ್ಮ ಮಾತು ಯಾರು ಕೇಳುತ್ತಿದ್ದರು?

ಸ್ತುತಿ ಖೇಮಾನಿ ಎಂಬ ಅರ್ಥಶಾಸ್ತ್ರಜ್ಞೆ ನಮ್ಮ ದೇಶದ 14 ದೊಡ್ಡ ರಾಜ್ಯಗಳ ಲೆಕ್ಕ ತೆಗೆದು ನೋಡಿದರು. 1960ರಿಂದ 1990ರ ದಶಕದವರೆಗಿನ ಲೆಕ್ಕ. 2004ರಲ್ಲಿ ಅದು ಅಚ್ಚಾಯಿತು. ಓಟಿನ ವರ್ಷ ಕೆಲವು ತೆರಿಗೆ ಕಡಿಮೆ ಆಗುತ್ತದೆ, ರಸ್ತೆ ಮುಂತಾದ ಕೆಲಸ ಹೆಚ್ಚಾಗುತ್ತದೆ ಎಂದು ಅವರು ಕಂಡುಕೊಂಡರು. ಆದರೆ ಆ ಕಾಲದಲ್ಲಿ ಓಟಿನಿಂದಾಗಿ ಕೊರತೆ ಏರಿದ್ದು ಕಾಣಲಿಲ್ಲ. ಬೇರೆ ಕಡೆ ಖರ್ಚು ಕಡಿಮೆ ಮಾಡಿ ಸರಿದೂಗಿಸಿದ್ದರು. ಓಟಿನ ವರ್ಷ ನಮ್ಮೂರ ರಸ್ತೆಗೆ ಡಾಂಬರು ಬೀಳುವುದು ಯಾಕೆ ಅಂತ ಈಗ ತಿಳಿಯಿತಲ್ಲ?

ಕೈಗೆ ಬರುವ ದುಡ್ಡನ್ನೂ ಹಗುರವಾಗಿ ಕಾಣಬಾರದು. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರುತ್ತದೆ. ಅದರಲ್ಲಿ ಔಷಧಿ ತರುತ್ತೇವೆ, ಮಗಳ ಫೀಸು ಕಟ್ಟುತ್ತೇವೆ, ಸಂಘದ ಕಂತು ತುಂಬುತ್ತೇವೆ. ಗಂಡನ ಮುಂದೆ ಕೈ ಚಾಚುವುದು ತಪ್ಪುತ್ತದೆ. ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲದೆ ತವರಿಗೆ ಹೋಗುವುದು ಸಣ್ಣ ಮಾತಲ್ಲ. ಕೆಲಸಕ್ಕೆ ದೂರ ಹೋಗಿ ಬರುವುದೂ ಸಣ್ಣ ಮಾತಲ್ಲ.

"ಬಿಟ್ಟಿ ಕೊಡುಗೆ" ಎಂದು ಕೆಲವರು ಮೂಗು ಮುರಿಯುತ್ತಾರೆ. ದೊಡ್ಡ ಕಾರ್ಖಾನೆಗಳಿಗೂ ಸರ್ಕಾರ ತೆರಿಗೆ ರಿಯಾಯಿತಿ ಕೊಡುತ್ತದೆ. ಅದಕ್ಕೆ ಆ ಹೆಸರು ಹೇಳುವುದಿಲ್ಲ. ದುಡಿಯುವ ಹೆಂಗಸಿನ ಕೈಗೆ ಬಂದದ್ದು ಮಾತ್ರ ಬಿಟ್ಟಿ ಆಗುವುದು ಹೇಗೆ?

ನಮ್ಮ ಪ್ರಶ್ನೆ ಬೇರೆ. ಈ ದುಡ್ಡು ಯಾರ ಜೇಬಿನಿಂದ ಬರುತ್ತಿದೆ? ಇದಕ್ಕಾಗಿ ಯಾವ ಕೆಲಸ ನಿಂತಿದೆ? ಇದು ಎಷ್ಟು ವರ್ಷ ನಡೆಯುತ್ತದೆ?

ಒಂದು ಲೆಕ್ಕ ನೋಡಿ. 2025-26ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಬಜೆಟ್ಟಿನ ರೂಪಾಯಿಯಲ್ಲಿ ಸುಮಾರು 12 ಪೈಸೆ. ಅದರಲ್ಲಿ ಗೃಹಲಕ್ಷ್ಮಿಗೆ 28,608 ಕೋಟಿ. ಅದೇ ವರ್ಷ ಮದ್ಯದ ಅಬಕಾರಿ ಸುಂಕದಿಂದ ಬರಬೇಕು ಎಂದು ಬರೆದದ್ದು 40,000 ಕೋಟಿ.

ಈ ಎರಡು ಅಂಕಿಗಳನ್ನು ಪಕ್ಕ ಪಕ್ಕ ಬರೆದು ನೋಡಿ. ಹೆಂಡತಿಯ ಖಾತೆಗೆ ಬರುವುದಕ್ಕಿಂತ ಹೆಚ್ಚು ದುಡ್ಡು ಮದ್ಯದಂಗಡಿಯ ದಾರಿಯಿಂದ ಬೊಕ್ಕಸಕ್ಕೆ ಹೋಗಬೇಕು ಎಂದು ಲೆಕ್ಕ ಹಾಕಿದ್ದಾರೆ. ಕುಡಿತದ ಕಷ್ಟ ಉಂಡವರು ನಾವು. ಈ ಲೆಕ್ಕವನ್ನು ನಾವಲ್ಲದೆ ಯಾರು ಕೇಳಬೇಕು?

ಸಾಲಕ್ಕೆ ಒಂದು ಬೇಲಿ

ಸಂಘಕ್ಕೆ ನಿಯಮ ಪುಸ್ತಕ ಇದೆ. ಹಳೇ ಸಾಲ ತೀರದೆ ಹೊಸ ಸಾಲ ಇಲ್ಲ. ಉಳಿತಾಯಕ್ಕಿಂತ ಇಷ್ಟೇ ಪಟ್ಟು ಸಾಲ. ನಿಯಮ ಇಲ್ಲದಿದ್ದರೆ ಸಂಘ ಒಂದೇ ವರ್ಷಕ್ಕೆ ಮುಳುಗುತ್ತದೆ.

ಸರ್ಕಾರಕ್ಕೂ ಹಾಗೆ ಒಂದು ನಿಯಮ ಬೇಕಾಯಿತು. 1990ರ ದಶಕದ ಕೊನೆಗೆ ರಾಜ್ಯಗಳ ಸಾಲ ಬಹಳ ಏರಿತ್ತು. ಸಂಬಳ, ಪಿಂಚಣಿ, ಬಡ್ಡಿಗೇ ದುಡ್ಡು ಹೋಗುತ್ತಿತ್ತು. 2002ರಲ್ಲಿ ಕರ್ನಾಟಕ ಒಂದು ಕಾಯಿದೆ ಮಾಡಿತು. ಅದರ ಹೆಸರು ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ. ವಿತ್ತ ಎಂದರೆ ಹಣ. ದೇಶದಲ್ಲಿ ಇಂಥ ಕಾಯಿದೆ ಮಾಡಿದ ಮೊದಲ ರಾಜ್ಯ ನಮ್ಮದು. ಕೇಂದ್ರ ಸರ್ಕಾರ ತನಗೆ ಇಂಥ ಕಾಯಿದೆ ಮಾಡಿಕೊಂಡದ್ದು 2003ರಲ್ಲಿ. ಆಮೇಲೆ 12ನೇ ಹಣಕಾಸು ಆಯೋಗವು ಇಂಥ ಕಾಯಿದೆ ಮಾಡಿದ ರಾಜ್ಯಗಳಿಗೆ ಹಳೇ ಸಾಲದಲ್ಲಿ ರಿಯಾಯಿತಿ ಕೊಡಿ ಎಂದಿತು. ಉಳಿದ ರಾಜ್ಯಗಳೂ ಒಂದೊಂದಾಗಿ ಮಾಡಿದವು.

ಕಾಯಿದೆ ಹೇಳುವ ಮುಖ್ಯ ಮಾತು ಮೂರು:

ಒಂದು: ಅಕ್ಕಿಗೆ ಸಾಲ ಬೇಡ. ರಾಜಸ್ವ ಕೊರತೆ ಸೊನ್ನೆ ಇರಬೇಕು.

ಎರಡು: ರಾಜ್ಯದ ಜನ ಎಲ್ಲ ಸೇರಿ ಒಂದು ವರ್ಷದಲ್ಲಿ ದುಡಿದು ಉತ್ಪಾದಿಸಿದ್ದು 100 ರೂಪಾಯಿ ಆದರೆ, ಆ ವರ್ಷದ ಕೊರತೆ 3 ರೂಪಾಯಿ ಮೀರಬಾರದು. ಇದು ವಿತ್ತೀಯ ಕೊರತೆ. ಹೆಚ್ಚುಕಮ್ಮಿ ಆ ವರ್ಷದ ಹೊಸ ಸಾಲ ಎಂದು ತಿಳಿಯಿರಿ.

ಮೂರು: ಹಳೆಯದು ಹೊಸದು ಸೇರಿ ಒಟ್ಟು ಸಾಲ ಹೊಣೆ ಆ 100 ರೂಪಾಯಿಗೆ 25 ರೂಪಾಯಿ ಮೀರಬಾರದು.

ಇನ್ನೊಂದು ಬೇಲಿ ಸಂವಿಧಾನದಲ್ಲೇ ಇದೆ. ಕೇಂದ್ರಕ್ಕೆ ಸಾಲ ಕೊಡಬೇಕಾದ ರಾಜ್ಯ, ಹೊಸ ಸಾಲ ಎತ್ತುವ ಮುಂಚೆ ಕೇಂದ್ರದ ಒಪ್ಪಿಗೆ ಪಡೆಯಬೇಕು. ಹಾಗಾಗಿ ವರ್ಷಕ್ಕೆ ಎಷ್ಟು ಸಾಲ ಎತ್ತಬಹುದು ಎಂದು ಕೇಂದ್ರ ಮಿತಿ ಹಾಕುತ್ತದೆ.

ಬೇಲಿಯಿಂದ ಉಪಯೋಗ ಆಯಿತೇ? ಆಯಿತು. 2004-05ರಿಂದ ಹದಿನೈದು ವರ್ಷ ಕರ್ನಾಟಕ ಅಕ್ಕಿಗೆ ಸಾಲ ಮಾಡಲಿಲ್ಲ. ದಿನದ ಖರ್ಚು ಕಳೆದು ಸ್ವಲ್ಪ ಉಳಿಯುತ್ತಿತ್ತು. ನಡುವೆ ಚುನಾವಣೆಗಳು ಬಂದವು, ಸರ್ಕಾರಗಳು ಬದಲಾದವು. ಆದರೂ ಬೇಲಿ ನಿಂತಿತು.

2020ರಲ್ಲಿ ಕೊರೋನಾ ಬಂತು. ಅಂಗಡಿ ಮುಚ್ಚಿತು, ಬಸ್ಸು ನಿಂತಿತು, ತೆರಿಗೆ ಇಳಿಯಿತು. ಆಸ್ಪತ್ರೆ ಖರ್ಚು ಏರಿತು. ಆಗ ಕಾಯಿದೆಗೆ ತಿದ್ದುಪಡಿ ತಂದು 2020-21ಕ್ಕೆ 3ರ ಮಿತಿಯನ್ನು 5ಕ್ಕೆ ಏರಿಸಿದರು. ಮನೆಯಲ್ಲಿ ಕಾಯಿಲೆ ಬಿದ್ದಾಗ ಸಂಘ ನಿಯಮ ಸಡಿಲ ಮಾಡುವುದಿಲ್ಲವೇ? ಹಾಗೆ.

2023ರ ಜುಲೈ ಬಜೆಟ್, 2024-25ರ ಬಜೆಟ್, 2025-26ರ ಬಜೆಟ್ ಈ ಮೂರರಲ್ಲೂ ರಾಜಸ್ವ ಕೊರತೆ ತೋರಿಸಿದರು. 2025-26ರದ್ದು 19,262 ಕೋಟಿ. ಅಂದರೆ ಮೊದಲ ಬೇಲಿ ದಾಟಿದ್ದಾಯಿತು. ಉಳಿದ ಎರಡು ಬೇಲಿ? ವಿತ್ತೀಯ ಕೊರತೆ 100ಕ್ಕೆ 2.95. ಮಿತಿ 3. ಒಟ್ಟು ಸಾಲ 100ಕ್ಕೆ 24.91. ಮಿತಿ 25. ಎಮ್ಮೆ ಬೇಲಿಗೆ ಮೈ ಉಜ್ಜುತ್ತ ನಿಂತಿದೆ. ಒಳಗೇ ಇದೆ, ಆದರೆ ಜಾಗ ಉಳಿದಿಲ್ಲ.

ಆ ವರ್ಷದ ಕೊನೆಗೆ ಒಟ್ಟು ಸಾಲ 7,64,655 ಕೋಟಿ ಆಗುತ್ತದೆ ಎಂದು ಬಜೆಟ್ಟಿನಲ್ಲೇ ಬರೆದಿದ್ದರು. ನಾಡಿನ ಪ್ರತಿಯೊಬ್ಬರಿಗೂ ಹಂಚಿದರೆ ತಲೆಗೆ ಒಂದು ಲಕ್ಷ ರೂಪಾಯಿಗೂ ಹೆಚ್ಚು. ತೊಟ್ಟಿಲ ಕೂಸಿನ ಹೆಸರಿನಲ್ಲೂ ಅಷ್ಟು.

ಬೇಲಿಯ ಸಂದಿಗಳು

ಬೇಲಿ ಇದ್ದಲ್ಲಿ ಸಂದಿಯೂ ಇರುತ್ತದೆ.

ಒಂದು ಸಂದಿ: ಸರ್ಕಾರ ತಾನು ಸಾಲ ಮಾಡದೆ ತನ್ನ ನಿಗಮದ ಹೆಸರಲ್ಲಿ ಸಾಲ ಎತ್ತುವುದು. ತೀರಿಸುವುದು ಮಾತ್ರ ಬೊಕ್ಕಸದಿಂದ. ಗಂಡನ ಹೆಸರಲ್ಲಿ ಮಿತಿ ಮುಗಿದಾಗ ಮೈದುನನ ಹೆಸರಲ್ಲಿ ಸಾಲ ತಂದ ಹಾಗೆ. 2022ರಿಂದ ಕೇಂದ್ರ ಸರ್ಕಾರ ಇಂಥ ಸಾಲವನ್ನೂ ರಾಜ್ಯದ ಮಿತಿಯೊಳಗೆ ಎಣಿಸುತ್ತಿದೆ.

ಎರಡನೇ ಸಂದಿ: ಬರುವ ದುಡ್ಡನ್ನು ಹೆಚ್ಚಾಗಿ ಬರೆಯುವುದು. ಬಜೆಟ್ ಬರೀ ಅಂದಾಜು. ಅಂದಾಜಿನಲ್ಲಿ ಆದಾಯ ಜಾಸ್ತಿ ತೋರಿಸಿದರೆ ಕೊರತೆ ಕಡಿಮೆ ಕಾಣುತ್ತದೆ. ನಿಜ ತಿಳಿಯುವುದು ವರ್ಷ ಮುಗಿದ ಮೇಲೆ.

ಮೂರನೇ ಸಂದಿ: ಬಿಲ್ಲು ತಡೆಹಿಡಿಯುವುದು. ಕೆಲಸ ಈ ವರ್ಷ, ದುಡ್ಡು ಮುಂದಿನ ವರ್ಷ. ಪುಸ್ತಕದಲ್ಲಿ ಖರ್ಚು ಕಾಣುವುದಿಲ್ಲ. ಆದರೆ ಕೆಲಸ ಮಾಡಿದವನಿಗೆ ದುಡ್ಡಿಲ್ಲ. ಅವನ ಕೈಕೆಳಗಿನ ಕೂಲಿಯವರಿಗೂ ಇಲ್ಲ.

ಇದನ್ನೆಲ್ಲ ನೋಡುವವರು ಇಲ್ಲವೇ? ಇದ್ದಾರೆ. ಸಂವಿಧಾನದ ಪ್ರಕಾರ ನೇಮಕ ಆಗುವ ಮಹಾಲೆಕ್ಕ ಪರಿಶೋಧಕರು ಪ್ರತಿ ವರ್ಷದ ಲೆಕ್ಕ ತಪಾಸಣೆ ಮಾಡುತ್ತಾರೆ. ಅವರ ವರದಿ ವಿಧಾನಸಭೆಗೆ ಬರುತ್ತದೆ. ಪೇಪರಿನಲ್ಲೂ ಬರುತ್ತದೆ. ಓದಲು ಕಲಿತ ನಾವು ಈಗ ಅದನ್ನು ಓದಬಹುದು.

ಕತ್ತರಿ ಬೀಳುವುದು ಎಲ್ಲಿ?

ಒಂದು ಕಡೆ ಓಟು. ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಇನ್ನೊಂದು ಕಡೆ ಕಾಯಿದೆ. ಸಾಲ ಮಿತಿ ಮೀರಬಾರದು. ಎರಡರ ನಡುವೆ ಸರ್ಕಾರ ಏನು ಮಾಡುತ್ತದೆ?

ಮನೆಯಲ್ಲಿ ನಾವು ಏನು ಮಾಡುತ್ತೇವೆ? ಮದುವೆ ಖರ್ಚು ಬಂದ ವರ್ಷ ಬಡ್ಡಿ ನಿಲ್ಲಿಸಲು ಆಗುವುದಿಲ್ಲ. ಅಕ್ಕಿ ನಿಲ್ಲಿಸಲು ಆಗುವುದಿಲ್ಲ. ಮನೆ ಸೂರು ರಿಪೇರಿ ಮುಂದಕ್ಕೆ ಹಾಕುತ್ತೇವೆ. "ಮುಂದಿನ ವರ್ಷ ನೋಡೋಣ" ಅನ್ನುತ್ತೇವೆ. ಸೂರು ಸೋರುತ್ತಲೇ ಇರುತ್ತದೆ.

ಸರ್ಕಾರವೂ ಹಾಗೇ. ಸಂಬಳ, ಪಿಂಚಣಿ, ಬಡ್ಡಿ ನಿಲ್ಲಿಸುವ ಹಾಗಿಲ್ಲ. ಓಟಿನ ಭರವಸೆ ಬಿಡುವ ಹಾಗಿಲ್ಲ. ಕತ್ತರಿ ಬೀಳುವುದು ಹೆಚ್ಚಾಗಿ ಬಾಯಿಲ್ಲದ ಕೆಲಸಗಳ ಮೇಲೆ. ಶಾಲೆಯ ಹೊಸ ಕೋಣೆ, ಕೆರೆ ಹೂಳು, ಹಳ್ಳದ ಸೇತುವೆ, ಖಾಲಿ ಇರುವ ನರ್ಸಮ್ಮನ ಹುದ್ದೆ. ಇವು ನಿಂತರೆ ಮುಷ್ಕರ ಮಾಡುವವರು ಇಲ್ಲ. ಒಮ್ಮೊಮ್ಮೆ ಭರವಸೆಯ ಕಂತೇ ತಡವಾಗುತ್ತದೆ. ಆಗ ಅಂಗಡಿಯಲ್ಲಿ ಕಡ ಹೇಳುವವರು ನಾವು.

ಈಗ ಆ ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತು. ದುಡ್ಡು ಇದೆ. ಆದರೆ ಎಲ್ಲದಕ್ಕೂ ಇಲ್ಲ. ಓಟಿಗೆ ಮುಂಚೆ ಮೊದಲ ಅರ್ಧ ಹೇಳುತ್ತಾರೆ. ಓಟು ಆದ ಮೇಲೆ ಎರಡನೇ ಅರ್ಧ ಹೇಳುತ್ತಾರೆ. ಎರಡನ್ನೂ ಒಂದೇ ದಿನ, ಓಟಿಗೆ ಮುಂಚೆಯೇ ಹೇಳಿಸಬೇಕು. ಅದು ನಮ್ಮ ಕೆಲಸ.

ನಾವು ಏನು ಮಾಡಬಹುದು?

ಚುನಾವಣೆ ದಿನಾಂಕ ಹೇಳಿದ ಕೂಡಲೇ ನೀತಿ ಸಂಹಿತೆ ಜಾರಿಗೆ ಬರುತ್ತದೆ. ಆಮೇಲೆ ಸರ್ಕಾರ ಹೊಸ ಯೋಜನೆ ಘೋಷಿಸುವ ಹಾಗಿಲ್ಲ. ಆದರೆ ಪಕ್ಷಗಳು ಪ್ರಣಾಳಿಕೆಯಲ್ಲಿ ಭರವಸೆ ಕೊಡಬಹುದು. ಪ್ರಣಾಳಿಕೆ ಎಂದರೆ ಗೆದ್ದರೆ ಇದನ್ನು ಮಾಡುತ್ತೇವೆ ಎಂದು ಬರೆದುಕೊಟ್ಟ ಪುಸ್ತಕ. 2013ರಲ್ಲಿ ಸುಪ್ರೀಂ ಕೋರ್ಟು ಈ ಬಗ್ಗೆ ನಿಯಮ ಮಾಡಿ ಎಂದು ಚುನಾವಣಾ ಆಯೋಗಕ್ಕೆ ಹೇಳಿತು. ಭರವಸೆಗೆ ದುಡ್ಡು ಹೇಗೆ ಹೊಂದಿಸುತ್ತೇವೆ ಎಂದು ಪಕ್ಷಗಳು ಸೂಚಿಸಬೇಕು ಎಂದು ಆಯೋಗ ನಿಯಮ ಮಾಡಿದೆ. ಆದ್ದರಿಂದ ನಾವು ಕೇಳುವುದು ತಪ್ಪಲ್ಲ.

ಓಟು ಕೇಳಲು ಬಂದವರಿಗೆ ನೀರು ಕೊಡೋಣ, ಕೂರಿಸೋಣ. ಕೂರಿಸಿ ನಾಲ್ಕು ಪ್ರಶ್ನೆ ಕೇಳೋಣ:

1. ನೀವು ಹೇಳುವ ಯೋಜನೆಗೆ ವರ್ಷಕ್ಕೆ ಎಷ್ಟು ದುಡ್ಡು ಬೇಕು?
2. ಅದು ತೆರಿಗೆಯಿಂದ ಬರುತ್ತದೆಯೋ, ಸಾಲದಿಂದ ಬರುತ್ತದೆಯೋ?
3. ತೆರಿಗೆ ಆದರೆ ಯಾವುದರ ಮೇಲೆ?
4. ಅದಕ್ಕಾಗಿ ನಮ್ಮೂರ ಯಾವ ಕೆಲಸ ನಿಲ್ಲುತ್ತದೆ?

ಓಟು ಇಲ್ಲದ ವರ್ಷವೂ ಸುಮ್ಮನಿರುವುದು ಬೇಡ. ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕು. ಸಂಘದವರೆಲ್ಲ ಒಟ್ಟಾಗಿ ಹೋಗೋಣ. ಶಾಲೆಯ ಕೋಣೆಗೆ ದುಡ್ಡು ಬಂತೇ, ಬಂದದ್ದು ಖರ್ಚಾಯಿತೇ ಎಂದು ಕೇಳೋಣ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಬರೆಯಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ.

ಕರ್ನಾಟಕದಲ್ಲಿ 2007-08ರಿಂದ ಹೆಣ್ಣುಮಕ್ಕಳಿಗಾಗಿ ಇಟ್ಟ ದುಡ್ಡಿನ ಲೆಕ್ಕವನ್ನು ಬಜೆಟ್ ಜೊತೆ ಬೇರೆಯಾಗಿ ಕೊಡುತ್ತಾರೆ. ಅದು ನಮ್ಮದೇ ಲೆಕ್ಕ. ಓದಿ ಹೇಳಿ ಎಂದು ಪಂಚಾಯಿತಿಯ ಸದಸ್ಯೆಯರನ್ನು ಕೇಳೋಣ. ಆಮೇಲೆ ನಾವೇ ಓದೋಣ.

ಹಿಂದೆ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದುಕೊಳ್ಳುತ್ತಿದ್ದೆವು. ಎಷ್ಟು ಬರೆದಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಈಗ ಸಹಿ ಹಾಕುತ್ತೇವೆ. ಹಾಕುವ ಮೊದಲು ಓದುತ್ತೇವೆ. ಓಟೂ ಒಂದು ಸಹಿಯೇ. ಐದು ವರ್ಷದ ಲೆಕ್ಕಕ್ಕೆ ಹಾಕುವ ಸಹಿ. ಅದನ್ನೂ ಓದಿಯೇ ಹಾಕೋಣ.

ನೆನಪಿಡೋಣ

ಬಜೆಟ್: ವರ್ಷದ ಬರುವ ಹೋಗುವ ದುಡ್ಡಿನ ಅಂದಾಜು.
ರಾಜಸ್ವ ಕೊರತೆ: ದಿನದ ಖರ್ಚಿಗೇ ಆದಾಯ ಸಾಲದಿರುವುದು.
ವಿತ್ತೀಯ ಕೊರತೆ: ಹೆಚ್ಚುಕಮ್ಮಿ ಆ ವರ್ಷದ ಹೊಸ ಸಾಲ.
ಬಂಡವಾಳ ವೆಚ್ಚ: ಕೆರೆ, ರಸ್ತೆ, ಕಟ್ಟಡದಂಥ ಉಳಿಯುವ ಖರ್ಚು.
ಪ್ರಣಾಳಿಕೆ: ಪಕ್ಷಗಳು ಬರೆದು ಕೊಡುವ ಭರವಸೆ.

ಕೂತು ಮಾತಾಡೋಣ

1. ನಿಮ್ಮ ಮನೆಯಲ್ಲಿ ಅಕ್ಕಿ ಸಾಲ ಯಾವುದು, ಎಮ್ಮೆ ಸಾಲ ಯಾವುದು?
2. ಕಳೆದ ಓಟಿಗೆ ಮುಂಚೆ ನಿಮ್ಮೂರಿಗೆ ಏನು ಕೊಡುತ್ತೇವೆ ಅಂದಿದ್ದರು? ಏನು ಬಂತು?
3. ನಿಮ್ಮೂರಲ್ಲಿ ಅರ್ಧಕ್ಕೆ ನಿಂತ ಕೆಲಸ ಯಾವುದು? ಅದಕ್ಕೆ ಎಷ್ಟು ದುಡ್ಡು ಬೇಕು ಎಂದು ಯಾರನ್ನು ಕೇಳಬೇಕು?